ಹಾಲುಗಾಳಿನ ಹಿಂದೆ ಹೋದ ಹಕ್ಕಿಗಳು: ಸೊಲ್ಲಾಪುರದಲ್ಲಿ ಗುಲಾಬಿ ಕಬ್ಬಕ್ಕಿಗಳನ್ನು ಎಣಿಸಿದ ನನ್ನ ಅನುಭವ

ಸೊಲ್ಲಾಪುರದ ಸುತ್ತ ಹಿಂಗಾರಿ ಬಿಳಿಜೋಳ ತೆನೆ ಹಾಯುವ ಹೊತ್ತಿಗೆ, ಸಂಜೆ ಐದು ಗಂಟೆಯ ಮೇಲೆ ವಿಜಯಪುರ ರಸ್ತೆಯ ಆಕಾಶದಲ್ಲಿ ಹಕ್ಕಿಗಳ ಹಿಂಡುಗಳು ಒಂದೇ ದಿಕ್ಕಿಗೆ ಸಾಗುವುದನ್ನು ನಾನು ಬಹಳ ವರ್ಷ ನೋಡಿಯೂ ನೋಡದವನಂತೆ ಇದ್ದೆ. ಅವು ಗುಲಾಬಿ ಕಬ್ಬಕ್ಕಿಗಳೆಂದೂ ಮರಾಠಿಯವರು ಭೋರಡಿ ಎನ್ನುವುದು ಇವನ್ನೇ ಎಂದೂ ತಿಳಿದಿತ್ತು. ರಾತ್ರಿ ಎಲ್ಲಿ ತಂಗುತ್ತವೆ, ಎಷ್ಟು ತಂಗುತ್ತವೆ ಎಂದು ಯಾರಾದರೂ ಕೇಳಿದ್ದರೆ ಮಾತ್ರ ಉತ್ತರವಿರಲಿಲ್ಲ. ಪೂರ್ವ ಯುರೋಪಿನಿಂದ ಕಜಕಿಸ್ತಾನದ ಆಚೆಯವರೆಗೆ ಹಬ್ಬಿದ ಹುಲ್ಲುಗಾವಲುಗಳಲ್ಲಿ ಮಿಡತೆ ತಿಂದು ಮರಿ ಮಾಡುವ ಈ ಹಕ್ಕಿಗಳು ಆಗಸ್ಟ್ ಸುಮಾರಿಗೆ ಭಾರತಕ್ಕೆ ಬಂದು ಏಪ್ರಿಲ್‌ನಲ್ಲಿ ಮರಳುತ್ತವೆ. ವರ್ಷದ ಹೆಚ್ಚಿನ ತಿಂಗಳುಗಳನ್ನು ನಮ್ಮಲ್ಲೇ ಕಳೆಯುವ ಹಕ್ಕಿಯನ್ನು ಅತಿಥಿ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ತಂಗುದಾಣ ನೀರಿನ ಹತ್ತಿರವೇ ಇರಬೇಕೆಂದುಕೊಂಡು ಮೊದಲ ಒಂದು ವಾರವನ್ನು ಕಂಬರ ತಲಾವ್ ಎಂದು ಕರೆಯುವ ಸಂಭಾಜಿ ಕೆರೆ, ಸಿದ್ಧೇಶ್ವರ ಗುಡಿಯ ಕೆರೆ ಮತ್ತು ಹಿಪ್ಪರಗಾ ಕೆರೆಯ ದಂಡೆಗಳಲ್ಲಿ ಕಳೆದೆ. ಕೊಕ್ಕರೆಗಳು ಸಿಕ್ಕವು, ಕಬ್ಬಕ್ಕಿಗಳು ತಲೆಯ ಮೇಲೆ ದಾಟಿ ಹೋದವು. ಆಮೇಲೆ ಹಕ್ಕಿಗಳ ಬೆನ್ನು ಹತ್ತುವುದನ್ನು ಬಿಟ್ಟು ಅವುಗಳ ದಾರಿಯನ್ನು ಬರೆದುಕೊಳ್ಳಲು ಆರಂಭಿಸಿದೆ. ನಾನು ನಮ್ಮ ಮನೆಯ ಮಾಳಿಗೆಯ ಮೇಲೆ, ಅಕ್ಕನ ಮಗ ಮೂರು ಕಿಲೋಮೀಟರು ಆಚೆಗಿನ ತನ್ನ ಗೆಳೆಯನ ಮಾಳಿಗೆಯ ಮೇಲೆ ನಿಂತು, ಫೋನಿನ ದಿಕ್ಸೂಚಿ ಹಿಡಿದು ಪ್ರತಿ ಹಿಂಡು ಹೋದ ದಿಕ್ಕನ್ನು ಗುರುತು ಮಾಡಿದೆವು. ಐದನೆಯ ಸಂಜೆ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆಯುತ್ತಿದ್ದವನು, “ಮಾಮಾ, ನಿಮ್ಮ ಗೆರಿ ನನ್ನ ಗೆರಿ ಕೂಡಿದ್ವು ನೋಡ್ರಿ” ಎಂದ. ಗೆರೆಗಳು ಕೂಡಿದ್ದ ಕಡೆ ಕೆರೆಯೂ ಇರಲಿಲ್ಲ, ತೋಪೂ ಇರಲಿಲ್ಲ. ಯಾರೂ ಕಾಲಿಡದ ಬಳ್ಳಾರಿ ಜಾಲಿಯ ಮೆಳೆಯೊಂದಿತ್ತು. ನೆಲದಿಂದ ಬೆಕ್ಕು ಹತ್ತಲಾಗದ ಆ ಮುಳ್ಳೇ ಅವಕ್ಕೆ ಬೇಕಾಗಿತ್ತೆಂದು ತೋರುತ್ತದೆ. ಜಾಗವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದಿಲ್ಲ. ಹೇಳಿದರೆ ಮರುವಾರವೇ ಡ್ರೋನ್ ಹಿಡಿದವರು ಬರುತ್ತಾರೆ.

ಜಾಗ ಸಿಕ್ಕ ಮೇಲೆ ಎಣಿಕೆ ಸುಲಭವೆಂದು ನಂಬಿದ್ದೆ. ಜನವರಿಯ ನಡುವೆ ಇಲ್ಲಿ ಸೂರ್ಯ ಮುಳುಗುವುದು 6.10ರ ಸುಮಾರಿಗೆ, ಅದಕ್ಕೆ ಮುಕ್ಕಾಲು ಗಂಟೆ ಮೊದಲೇ ಹಿಂಡುಗಳು ಬಂದು ಹೈಟೆನ್ಷನ್ ತಂತಿಗಳ ಮೇಲೆ ಕೂರುತ್ತವೆ, ಕೂತವು ಏಳುತ್ತವೆ, ಬೇರೊಂದು ಹಿಂಡಿನೊಡನೆ ಕೂಡಿ ಮೆಳೆಯ ಮೇಲೆ ಸುತ್ತು ಹೊಡೆಯುತ್ತವೆ. ಶಿಕ್ರಾ ಎಂಬ ಸಣ್ಣ ಬೇಟೆಹಕ್ಕಿ ಒಂದು ಸಲ ನುಗ್ಗಿದರೆ ಒಳಗೆ ಸೇರಿದವೂ ಹೊರಬಿದ್ದು, ಅಲ್ಲಿಯವರೆಗಿನ ಎಣಿಕೆ ನೀರಿನಲ್ಲಿ ಮಾಡಿದ ಹೋಮವಾಗುತ್ತದೆ. ಸುತ್ತು ಹೊಡೆಯುವ ಹಿಂಡನ್ನು ಎಣಿಸಲು ಹೊರಟರೆ ಕಣ್ಣೇ ಮೋಸ ಮಾಡುತ್ತದೆ. ರೋಮ್ ನಗರದ ರೈಲು ನಿಲ್ದಾಣದ ಬಳಿ ತಂಗುವ ಯುರೋಪಿನ ಕಬ್ಬಕ್ಕಿಗಳನ್ನು ಹಲವು ಕ್ಯಾಮೆರಾಗಳಿಂದ ಒಟ್ಟಿಗೆ ಚಿತ್ರಿಸಿದ ಭೌತವಿಜ್ಞಾನಿಗಳು, ಪ್ರತಿ ಹಕ್ಕಿ ತನ್ನ ಹತ್ತಿರದ ಆರೇಳು ಹಕ್ಕಿಗಳನ್ನು ಗಮನಿಸಿ ಹಾರುತ್ತದೆ ಎಂದು 2008ರಲ್ಲಿ ಪ್ರಕಟಿಸಿದರು. ಹಿಂಡು ಚೆಂಡಿನಂತೆ ಗುಂಡಗಿರದೆ ಹಾಳೆಯಂತೆ ತೆಳ್ಳಗಿರುತ್ತದೆ ಎಂಬುದೂ ಅವರ ಅಳತೆಯಲ್ಲಿ ಕಂಡಿತು. ನಮ್ಮ ಹಕ್ಕಿ ಬೇರೆ ಜಾತಿಯದಾದರೂ ಮೆಳೆಯ ಮೇಲೆ ನಾನು ನೋಡಿದ್ದು ಇದನ್ನೇ: ಹಾಳೆ ಅಗಲವಾಗಿ ತೆರೆದಾಗ ಹಿಂಡು ವಿರಳವಾಗಿ, ಅಂಚು ನಮ್ಮ ಕಡೆ ತಿರುಗಿದ ಕ್ಷಣ ಮಸಿ ಬಳಿದಂತೆ ದಟ್ಟವಾಗಿ ಕಾಣುತ್ತದೆ. ಒಂದೇ ಹಿಂಡಿಗೆ ನಾನೂ ಅಳಿಯನೂ ಒಬ್ಬರದು ಇನ್ನೊಬ್ಬರ ಎರಡರಷ್ಟಾಗುವ ಲೆಕ್ಕ ಬರೆದಿದ್ದೆವು.

ಆದ್ದರಿಂದ ಮೆಳೆಯಿಂದ ಅರ್ಧ ಕಿಲೋಮೀಟರು ಹಿಂದೆ ಸರಿದು, ಹಕ್ಕಿಗಳು ಇನ್ನೂ ನೇರವಾಗಿ ಬರುತ್ತಿರುವಲ್ಲೇ ಎಣಿಸತೊಡಗಿದೆವು. ದಿಕ್ಕಿಗೊಬ್ಬರಂತೆ ಮೂವರು ನಿಂತು, ಒಂದು ಕಂಬದಿಂದ ಒಂದು ಬೇವಿನ ಮರಕ್ಕೆ ಮನಸ್ಸಿನಲ್ಲೇ ಗೆರೆ ಎಳೆದು, ಆ ಗೆರೆಯನ್ನು ದಾಟಿದವನ್ನಷ್ಟೇ ಲೆಕ್ಕಕ್ಕೆ ಹಿಡಿದೆವು. ಮೊದಲು ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ ಅವು ಎಷ್ಟು ಜಾಗ ತುಂಬುತ್ತವೆ ಎಂದು ಕಣ್ಣಿಗೆ ಕಲಿಸಬೇಕು, ಆಮೇಲೆ ಅದೇ ಅಳತೆಯಲ್ಲಿ ಐವತ್ತು, ನೂರು. ನಡುನಡುವೆ ಫೋಟೊ ತೆಗೆದು, ರಾತ್ರಿ ಪರದೆಯ ಮೇಲೆ ಚೌಕ ಹಾಕಿ ಪ್ರತಿ ಚುಕ್ಕೆಯನ್ನೂ ಎಣಿಸಿದಾಗ, ನಾನು ನೂರು ಎಂದು ಬರೆದಿದ್ದ ಹಿಂಡಿನಲ್ಲಿ ನೂರರವತ್ತಕ್ಕೂ ಹೆಚ್ಚು ಹಕ್ಕಿಗಳಿದ್ದವು. ದೊಡ್ಡ ಹಿಂಡನ್ನು ಮನುಷ್ಯ ಸಾಮಾನ್ಯವಾಗಿ ಕಡಿಮೆಯೇ ಎಣಿಸುತ್ತಾನೆ. ಜೊತೆಗೆ ಬರುವ ಗೊರವಂಕ ಮತ್ತು ಕರಿತಲೆ ಕಬ್ಬಕ್ಕಿಗಳನ್ನು ಬೇರೆ ಬರೆದೆವು. ಹಕ್ಕಿ ನೋಡುವವರು ತಮ್ಮ ಪಟ್ಟಿ ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ಸಂಖ್ಯೆಯ ಬದಲು, ಹಕ್ಕಿ ಇತ್ತು ಎಂದಷ್ಟೇ ಹೇಳುವ ‘ಎಕ್ಸ್’ ಎಂದು ತುಂಬುವ ಅವಕಾಶವಿದೆ. ಒರಟು ಅಂದಾಜಾದರೂ ಸರಿ, ಅಂಕಿಯನ್ನೇ ಹಾಕಬೇಕೆಂಬುದು ನನ್ನ ಹಟ.

ನನ್ನ ದೊಡ್ಡ ತಪ್ಪು ಬೇರೆ ಕಡೆ ಆಯಿತು. ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ನಂದಿಕೋಲುಗಳ ಮೆರವಣಿಗೆಯ ಮರುದಿನಗಳಲ್ಲಿ ಮದ್ದು ಸುಡುತ್ತಾರೆ. ಅದು ಮುಗಿದ ಸಂಜೆ ಮೆಳೆಗೆ ಹೋದರೆ ಕಾಲುಭಾಗ ಹಕ್ಕಿಗಳೂ ಇರಲಿಲ್ಲ. ಮದ್ದಿನ ಸದ್ದಿಗೆ ತಂಗುದಾಣ ಒಡೆಯಿತು ಎಂದು ದೊಡ್ಡ ಅಕ್ಷರದಲ್ಲಿ ಬರೆದೆ, ನಾಲ್ಕು ಜನರ ಮುಂದೆ ಹೇಳಿದೆ ಕೂಡ. ವಾರದ ಮೇಲೆ ವಹಿಯನ್ನು ತಿರುವಿದಾಗ, ತೆಂಕಣ ಗೆರೆಯ ಅಂಕಿ ಜಾತ್ರೆಗೆ ಮೂರು ದಿನ ಮೊದಲೇ ಇಳಿಯತೊಡಗಿತ್ತು. ನನ್ನದೇ ಕೈಬರಹ ನನ್ನ ಮಾತನ್ನು ಸುಳ್ಳು ಮಾಡುತ್ತಿತ್ತು.

ಆ ಗೆರೆಯನ್ನು ಹಿಂದಕ್ಕೆ ಹಿಡಿದು ಮಂದ್ರೂಪದ ಕಡೆಗೆ ಹೋದೆವು. ಹೊಲದಲ್ಲಿ ಹಕ್ಕಿ ಕಾಯುವ ಅಟ್ಟ ಖಾಲಿ ಇತ್ತು, ಕವಣೆ ಅದರ ಗೂಟಕ್ಕೆ ತೂಗುತ್ತಿತ್ತು. ಕೆಳಗೆ ಬುತ್ತಿ ಬಿಚ್ಚಿ ಕೂತಿದ್ದ ಹಿರಿಯರು ನನ್ನ ಪ್ರಶ್ನೆ ಕೇಳಿ ನಕ್ಕರು. “ಕಾಳು ಹಾಲಿದ್ದಾಗ ನಮ್ಮ ಜೀವಾ ತಿಂತಾವ್ರಿ ಸರ. ಬಲತ ಮ್ಯಾಲ ಯಾಕ ಬರತಾವು? ಈಗ ತಡಾ ಬಿತ್ತಿದವರ ಹೊಲದಾಗ ಇರತಾವು, ಅಕ್ಕಲಕೋಟ ಕಡೆ ನೋಡ್ರಿ.” ಒಂದು ತೆನೆ ಮುರಿದು ಅಂಗೈಯಲ್ಲಿ ತಿಕ್ಕಿ ತೋರಿಸಿದರು, ಉಗುರು ಒತ್ತಿದರೆ ಹಾಲು ಬರಲಿಲ್ಲ, ಕಾಳು ಮುತ್ತಿನಂತೆ ಗಟ್ಟಿಯಾಗಿತ್ತು. ಅಕ್ಕಲಕೋಟದ ದಾರಿಯಲ್ಲಿ ಹುಡುಕಿದಾಗ ಮೂರನೆಯ ಸಂಜೆ, ಸಣ್ಣ ಕೆರೆಯೊಂದರ ಅಂಚಿನ ಆಪು ಹುಲ್ಲಿನ ಜೊಂಡಿನಲ್ಲಿ ಹೊಸ ತಂಗುದಾಣ ಸಿಕ್ಕಿತು. ಅಂದಿನಿಂದ ನನ್ನ ವಹಿಯಲ್ಲಿ ಹಕ್ಕಿಗಳ ಅಂಕಿಯ ಪಕ್ಕದಲ್ಲಿ ಸುತ್ತಲಿನ ಹೊಲಗಳ ಬಿತ್ತನೆಯ ವಾರವನ್ನೂ ಬರೆಯುವ ಒಂದು ಕಾಲಂ ಇದೆ. ಮದ್ದಿನ ಸದ್ದು ಹಕ್ಕಿಗೆ ತಾಗುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಆ ವರ್ಷದ ಇಳಿಕೆಯನ್ನು ಅದರ ತಲೆಗೆ ಕಟ್ಟಲು ನನ್ನ ಅಂಕಿಗಳು ಒಪ್ಪಲಿಲ್ಲ, ಅಷ್ಟೇ.

ಜೋಳದ ಕಟಾವು ಮುಗಿದು ಮುತ್ತುಗ, ಬೂರುಗಗಳು ಹೂ ಬಿಟ್ಟಾಗ ಹಿಂಡುಗಳು ಮಕರಂದಕ್ಕೆ ಚದುರಿದವು. ಏಪ್ರಿಲ್ ಎರಡನೆಯ ವಾರದ ಒಂದು ಸಂಜೆ ಹಳೆಯ ಮೆಳೆಗೆ ಗೊರವಂಕಗಳಷ್ಟೇ ಬಂದವು, ನಾನು ‘ಸೊನ್ನೆ’ ಎಂದು ಬರೆದು ಮನೆಗೆ ಬಂದೆ. ಮರುದಿನ ಸುಮ್ಮನೆ ಹೋಗಿ ನೋಡಿದರೆ, ತಂತಿಯ ಕೊನೆಯಲ್ಲಿ ಗುಲಾಬಿ ಬಣ್ಣ ಪೂರ್ತಿ ಏರಿದ ಆರು ಹಕ್ಕಿಗಳು ಗೊರವಂಕಗಳಿಂದ ತುಸು ದೂರ ಕೂತಿದ್ದವು. ಅವನ್ನು ಒಂದೊಂದಾಗಿ ಎಣಿಸಿದೆ.