ಹಳೆ ಪೆಟ್ರೋಲ್ ಪಿಕಪ್ ರಿಚ್ ಓಡ್ತಾ ಉಂಟಾ? ಪಾರ್ಟ್ ಬದಲಿಸುವ ಮೊದಲು ಇಷ್ಟು ನೋಡಿ

ಸೈಲೆನ್ಸರ್‌ನಿಂದ ಕಪ್ಪು ಹೊಗೆ. ಹಿಂದೆ ನಿಂತರೆ ಕಣ್ಣು ಉರಿಯುವಷ್ಟು ಪೆಟ್ರೋಲ್ ವಾಸನೆ. ಮೈಲೇಜ್ ಇಳಿದಿದೆ, ಐಡ್ಲಿಂಗ್ ಸರಿ ನಿಲ್ಲುವುದಿಲ್ಲ, ಬಿಸಿ ಇಂಜಿನ್ ಆಫ್ ಮಾಡಿ ಒಂದು ಚಾ ಕುಡಿದು ಬಂದರೆ ಸೆಲ್ಫ್ ಎಷ್ಟು ಹೊಡೆದರೂ ಹಿಡಿಯುವುದಿಲ್ಲ. ಇದೆಲ್ಲ ಒಟ್ಟಿಗೆ ಇದ್ದರೆ ಇಂಜಿನ್‌ಗೆ ಗಾಳಿಯ ಲೆಕ್ಕಕ್ಕೆ ಬೇಕಾದ್ದಕ್ಕಿಂತ ಪೆಟ್ರೋಲ್ ಜಾಸ್ತಿ ಹೋಗ್ತಾ ಉಂಟು, ಅಂದರೆ ರಿಚ್ ಅಂತಲೇ ಲೆಕ್ಕ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಆ ಲೆಕ್ಕ ಎಲ್ಲಿ ತಪ್ಪಿತು ಅಂತ ಹುಡುಕುವುದೇ ಕೆಲಸ.

ನಮ್ಮ ಮಂಗಳೂರು, ಉಡುಪಿ ಕಡೆ ಈ ದೂರು ಬಂದ ಕೂಡಲೇ ಆಕ್ಸಿಜನ್ ಸೆನ್ಸರ್ ಹಾಕಿ, ಇಂಜೆಕ್ಟರ್ ಹಾಕಿ ಅಂತ ಶುರುವಾಗುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ. ಕಡಲ ಗಾಳಿಯ ಉಪ್ಪು, ನಾಲ್ಕು ತಿಂಗಳ ಮಳೆ, ಮೀನಿನ ಲೋಡ್‌ನಿಂದ ಸೋರುವ ಐಸ್ ನೀರು ಎಲ್ಲ ಸೇರಿ ಮೊದಲು ಹಾಳಾಗುವುದು ಕಪ್ಲರ್ (ವೈರ್ ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರ್) ಮತ್ತು ಅರ್ತ್ ವೈರ್. ಮಲ್ಪೆ ಬಂದರಿಗೋ ಮಂಗಳೂರಿನ ಮೀನಿನ ದಕ್ಕೆಗೋ ದಿನಾ ಹೋಗುವ ಗಾಡಿಯಾದರೆ ಹೇಳುವುದೇ ಬೇಡ. ದುಡ್ಡು ಖರ್ಚು ಮಾಡುವ ಮೊದಲು ಇವನ್ನು ನೋಡಲೇಬೇಕು.

ಒಂದು ಮಾತು. ಇಲ್ಲಿ ಹೇಳುತ್ತಿರುವುದು ಪೆಟ್ರೋಲ್ ಗಾಡಿಗೆ, ಅಂದರೆ ಹಳೆ ಜಿಪ್ಸಿ, ಓಮ್ನಿ ಕಾರ್ಗೋ, ಪೆಟ್ರೋಲ್ ಸೂಪರ್ ಕ್ಯಾರಿ ತರದ್ದಕ್ಕೆ. ಡೀಸೆಲ್ ಪಿಕಪ್‌ನಲ್ಲಿ ಕಪ್ಪು ಹೊಗೆ ಬಂದರೆ ದಾರಿ ಬೇರೆ: ಏರ್ ಫಿಲ್ಟರ್, ಟರ್ಬೋ ಹೋಸ್, ಇಂಜೆಕ್ಟರ್, ಹೊಗೆಯ ಒಂದು ಪಾಲನ್ನು ಇಂಜಿನ್‌ಗೆ ಮರಳಿಸುವ ಇಜಿಆರ್ ವಾಲ್ವ್.

ಮೊದಲು ಹೊಗೆಯ ಬಣ್ಣ ನೋಡಿ. ನೀಲಿ ಆದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದೆ ಕೂಲೆಂಟ್ ಕಡಿಮೆ ಆಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಬೇಕು. ಕಪ್ಪು ಮಾತ್ರ ನಮ್ಮ ವಿಷಯ.

ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ. ಇದರಷ್ಟು ಸತ್ಯ ಹೇಳುವ ಪಾರ್ಟ್ ಇಂಜಿನ್‌ನಲ್ಲಿ ಬೇರೆ ಇಲ್ಲ. ತಿಳಿ ಕಂದು ಬಣ್ಣ ಇದ್ದರೆ ಸರಿ ಉಂಟು. ಒಣಗಿದ ಕಪ್ಪು ಮಸಿ, ಬೆರಳಿಗೆ ಹತ್ತುವಂಥದ್ದು, ಇದ್ದರೆ ರಿಚ್. ಒದ್ದೆ, ಎಣ್ಣೆ ಜಿಡ್ಡು ಇದ್ದರೆ ಅದು ಆಯಿಲ್. ಬಿಚ್ಚಿದ ಪ್ಲಗ್‌ಗಳನ್ನು ಯಾವ ಸಿಲಿಂಡರಿನದ್ದು ಅಂತ ಸಾಲಾಗಿ ಇಡಿ. ಎಲ್ಲ ಕಪ್ಪಾಗಿದ್ದರೆ ಕಾರಣವೂ ಎಲ್ಲಕ್ಕೂ ಸೇರಿದ್ದು, ಅಂದರೆ ಸೆನ್ಸರ್, ಪೆಟ್ರೋಲ್ ಪ್ರೆಶರ್, ಇಲ್ಲವೇ ಹಳೆ ಗಾಡಿಯಲ್ಲಿ ಗಾಳಿ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್. ಒಂದೇ ಕಪ್ಪಾಗಿದ್ದರೆ ಆ ಸಿಲಿಂಡರಿನ ಇಂಜೆಕ್ಟರ್ ಸೋರುತ್ತಿರಬಹುದು ಅಥವಾ ಅಲ್ಲಿ ಸ್ಪಾರ್ಕ್ ಸರಿ ಇಲ್ಲ.

ಎಮಿಷನ್ ಟೆಸ್ಟ್ ಚೀಟಿಯನ್ನು ಸುಮ್ನೆ ಡ್ಯಾಶ್‌ಬೋರ್ಡಿಗೆ ಹಾಕಬೇಡಿ, ಓದಿ. ಕಾರ್ಬನ್ ಮೊನಾಕ್ಸೈಡ್ ಜಾಸ್ತಿ ಇದ್ದರೆ ರಿಚ್. ಬಿಎಸ್-2, ಬಿಎಸ್-3 ಪೆಟ್ರೋಲ್ ಗಾಡಿಗೆ ಮಿತಿ 0.5%, ಅದಕ್ಕಿಂತ ಹಳೆಯದಕ್ಕೆ 3%. ಅದು ಕಡಿಮೆ ಇದ್ದು ಹೈಡ್ರೋಕಾರ್ಬನ್ ಮಾತ್ರ ಜಾಸ್ತಿ ಇದ್ದರೆ ಮಿಸ್ಸಿಂಗ್ ಕಡೆ, ಅಂದರೆ ಯಾವುದೋ ಸಿಲಿಂಡರ್ ಸರಿ ಉರಿಯದೆ ಬಿಡುತ್ತಿದೆಯಾ ಅಂತ ನೋಡಿ.

ಕಾರ್ಬೊರೇಟರ್ ಗಾಡಿಯಾದರೆ ಕೆಲಸ ಸುಲಭ. ಏರ್ ಫಿಲ್ಟರ್ ತೆಗೆದು ಹಿಡಿಯಿರಿ. ನಮ್ಮ ಕೆಂಪು ಮಣ್ಣಿನ ಧೂಳು ತುಂಬಿ ಮಳೆಗಾಲದಲ್ಲಿ ಒದ್ದೆಯಾದರೆ ಅದು ಗಾಳಿಯನ್ನೇ ಬಿಡುವುದಿಲ್ಲ. ಇಂಜಿನ್ ಬಿಸಿಯಾದ ಮೇಲೆ ಚೋಕ್ ಪ್ಲೇಟ್ ಪೂರ್ತಿ ನೆಟ್ಟಗೆ ತೆರೆದಿದೆಯಾ ನೋಡಿ, ಕೇಬಲ್ ತುಕ್ಕು ಹಿಡಿದು ಅರ್ಧಕ್ಕೆ ನಿಲ್ಲುವುದು ಇಲ್ಲಿ ಮಾಮೂಲು. ಎರಡೂ ಸರಿ ಇದ್ದರೆ ಕಾರ್ಬೊರೇಟರಿನೊಳಗೆ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಮತ್ತು ನೀಡಲ್. ಆಫ್ ಮಾಡಿದ ಮೇಲೂ ಒಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ನೀಡಲ್ ಸವೆದಿದೆ ಅಥವಾ ಫ್ಲೋಟ್ ತೂತಾಗಿದೆ. ಮಿಕ್ಸ್ಚರ್ ಸ್ಕ್ರೂಗೆ ಕೈ ಹಾಕುವುದು ಕೊನೆಗೆ. ಇನ್ನೊಂದು, ಮಂಗಳೂರಿನಲ್ಲಿ ಟ್ಯೂನ್ ಮಾಡಿದ ಕಾರ್ಬೊರೇಟರ್ 1100 ಮೀಟರ್ ಮೇಲಿರುವ ಮಡಿಕೇರಿಗೆ ಹೋದರೆ ಸ್ವಲ್ಪ ರಿಚ್ ಆಗಿಯೇ ಆಗುತ್ತದೆ, ಅಲ್ಲಿ ಗಾಳಿ ತೆಳು. ಘಟ್ಟ ಹತ್ತಿದಾಗ ಮಾತ್ರ ತೊಂದರೆ ಇದ್ದರೆ ಬಿಚ್ಚಲು ಹೋಗಬೇಡಿ.

ಎಂಪಿಎಫ್ಐ ಗಾಡಿಯಲ್ಲಿ, ಅಂದರೆ ಕಾರ್ಬೊರೇಟರ್ ಬದಲು ಇಂಜೆಕ್ಟರ್ ಇರುವುದರಲ್ಲಿ, ನಾನು ಮೊದಲು ನೋಡುವುದು ಕೂಲೆಂಟ್ ಟೆಂಪರೇಚರ್ ಸೆನ್ಸರ್. ಇಂಜಿನ್ ತಣ್ಣಗಿದ್ದರೆ ಅದರ ರೆಸಿಸ್ಟೆನ್ಸ್ ಜಾಸ್ತಿ, ಬಿಸಿಯಾದರೆ ಕಡಿಮೆ. ಕಪ್ಲರ್ ಪಿನ್‌ನಲ್ಲಿ ಹಸಿರು ಕಿಲುಬು ಕೂತರೆ ಆ ಕಿಲುಬಿನ ರೆಸಿಸ್ಟೆನ್ಸೂ ಸೇರಿಕೊಳ್ಳುತ್ತದೆ, ಇಸಿಯು (ಪೆಟ್ರೋಲ್ ಎಷ್ಟು ಅಂತ ತೀರ್ಮಾನಿಸುವ ಇಂಜಿನ್ ಕಂಪ್ಯೂಟರ್) ಇಂಜಿನ್ ಇನ್ನೂ ತಣ್ಣಗಿದೆ ಅಂತ ತಿಳಿದು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಪತ್ತೆ ಮಾಡುವ ದಾರಿ ಇದು: ರಾತ್ರಿ ನಿಲ್ಲಿಸಿದ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಹಾಕಿ ಸ್ಕ್ಯಾನರ್‌ನಲ್ಲಿ ಕೂಲೆಂಟ್ ಮತ್ತು ಒಳಗೆ ಬರುವ ಗಾಳಿಯ ಟೆಂಪರೇಚರ್ ನೋಡಿ. ಎರಡೂ ಹೊರಗಿನ ಹವೆಯಷ್ಟೇ ಇರಬೇಕು. ನಮ್ಮ ಊರಿನ ಸೆಕೆಯಲ್ಲಿ ಕೂಲೆಂಟ್ 5 ಡಿಗ್ರಿ ತೋರಿಸಿದರೆ ಅದು ಸುಳ್ಳು, ಅಲ್ವಾ? ಸ್ಕ್ಯಾನರ್ ಇಲ್ಲದಿದ್ದರೆ ಇಗ್ನಿಷನ್ ಆಫ್ ಮಾಡಿ ಕಪ್ಲರ್ ಬಿಚ್ಚಿ ಸೆನ್ಸರಿನ ಪಿನ್‌ಗೆ ಮಲ್ಟಿಮೀಟರ್ ಹಿಡಿದರೆ ಸಾಕು. ಹೆಚ್ಚಿನ ಸೆನ್ಸರ್‌ಗಳು 30 ಡಿಗ್ರಿ ಹತ್ತಿರ ಒಂದೂವರೆಯಿಂದ ಎರಡು ಕಿಲೋ ಓಮ್, 80 ಡಿಗ್ರಿಗೆ 300 ಓಮ್ ಆಸುಪಾಸು ತೋರಿಸುತ್ತವೆ. ಸೆನ್ಸರ್ ಸರಿ ಇದ್ದರೆ ಇಗ್ನಿಷನ್ ಆಫ್ ಇಟ್ಟೇ ಬಿಚ್ಚಿದ ಕಪ್ಲರಿಗೆ ಕಾಂಟಾಕ್ಟ್ ಕ್ಲೀನರ್ ಹೊಡೆಯಿರಿ. ಇಂಜಿನ್‌ನಿಂದ ಗಾಡಿಯ ಬಾಡಿ ತನಕ ಬರುವ ಅರ್ತ್ ವೈರಿನ ಬೋಲ್ಟನ್ನೂ ಬಿಚ್ಚಿ ಉಜ್ಜಿ.

ಸೆನ್ಸರ್ ಹೇಳುವುದು ಸತ್ಯವೇ ಆಗಿ ಇಂಜಿನ್ ನಿಜವಾಗಿ ಬಿಸಿಯಾಗದೆ ಇರುವುದೂ ಉಂಟು. ಇಲ್ಲಿ ಸೆಕೆ ಜಾಸ್ತಿ ಅಂತ, ಇಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟ್ಯಾಟ್ ಕಿತ್ತು ಬಿಸಾಡಿದ ಹಳೆ ಗಾಡಿಗಳು ಬೇಕಾದಷ್ಟಿವೆ. ದಯವಿಟ್ಟು ಹಾಗೆ ಮಾಡಬೇಡಿ ಮಾರಾಯ್ರೆ. ಹೈವೇಯಲ್ಲಿ ಅರ್ಧ ಗಂಟೆ ಓಡಿಸಿದರೂ 80 ಡಿಗ್ರಿ ಮುಟ್ಟದಿದ್ದರೆ ಹೊಸ ಥರ್ಮೋಸ್ಟ್ಯಾಟ್ ಹಾಕಿಸಿ.

ಇದಾದ ಮೇಲೆ ಮ್ಯಾಪ್ ಸೆನ್ಸರಿನ (ಇಂಜಿನ್‌ನ ಗಾಳಿ ಕೊಳವೆಯ ಒತ್ತಡ ಅಳೆಯುವುದು) ರಬ್ಬರ್ ಹೋಸ್. ಬಿರುಕು ಬಿಟ್ಟರೆ ಇಂಜಿನ್ ಮೇಲೆ ಲೋಡ್ ಇದೆ ಅಂತ ಇಸಿಯು ತಿಳಿಯುತ್ತದೆ. ಸಮುದ್ರ ಮಟ್ಟದ ನಮ್ಮ ಊರಲ್ಲಿ ಇಂಜಿನ್ ಆಫ್ ಇದ್ದಾಗ ಸುಮಾರು 100, ಐಡ್ಲಿಂಗ್‌ನಲ್ಲಿ 30ರಿಂದ 40 ಕಿಲೋಪ್ಯಾಸ್ಕಲ್ ತೋರಿಸಬೇಕು. ಫ್ಯೂಯಲ್ ಪ್ರೆಶರ್ ರೆಗ್ಯುಲೇಟರಿಗೆ ವ್ಯಾಕ್ಯೂಮ್ ಹೋಸ್ ಇದ್ದರೆ ಇಂಜಿನ್ ತಣ್ಣಗಿರುವಾಗ ಅದನ್ನು ಎಳೆದು ನೋಡಿ. ಒಳಗೆ ಪೆಟ್ರೋಲ್ ಇದ್ದರೆ ಡಯಾಫ್ರಮ್ ಹರಿದಿದೆ, ಬೇರೆ ಏನೂ ಹುಡುಕಬೇಕಾಗಿಲ್ಲ. ಹತ್ತಿರ ಬೀಡಿ, ಸಿಗರೇಟ್ ಯಾರೂ ಹಚ್ಚಬಾರದು.

ಕೊನೆಗೆ ಸೈಲೆನ್ಸರ್ ಪೈಪಿನಲ್ಲಿ ಕೂತು ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವ ಆಕ್ಸಿಜನ್ ಸೆನ್ಸರ್. ಇಂಜಿನ್ ಬಿಸಿ ಇದ್ದಾಗ ಅದರ ವೋಲ್ಟೇಜ್ 0.1 ಮತ್ತು 0.9ರ ನಡುವೆ ಏರಿಳಿಯುತ್ತಿರಬೇಕು. 0.8ರ ಮೇಲೆಯೇ, ಅಂದರೆ ರಿಚ್ ಅಂತ, ನಿಂತು ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲ್ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ) ಮೈನಸ್ ಕಡೆ ಹೋಗಿದ್ದರೆ ಸೆನ್ಸರ್ ನಿಜ ಹೇಳುತ್ತಿದೆ, ಅದನ್ನು ಬದಲಿಸಿ ಪ್ರಯೋಜನ ಇಲ್ಲ. ಸ್ಕ್ಯಾನರ್‌ನಲ್ಲಿ ರಿಚ್ ಅಂತ ಹೇಳುವ ಪಿ0172 ಕೋಡ್ ಬಂದಾಗಲೂ ಇದೇ ಮಾತು. ಪ್ಲಗ್ ಕಪ್ಪಾಗಿದ್ದೂ ವೋಲ್ಟೇಜ್ ಕೆಳಗೇ ನಿಂತು ಟ್ರಿಮ್ ಪ್ಲಸ್ ತೋರಿಸಿದರೆ ಮಾತ್ರ ಅನುಮಾನ ಪಡಿ. ಆಗಲೂ ಮೊದಲು ಸೆನ್ಸರಿಗಿಂತ ಇಂಜಿನ್ ಕಡೆಗೆ ಇರುವ ಸೈಲೆನ್ಸರ್ ಪೈಪ್ ತುಕ್ಕು ತಿಂದು ತೂತಾಗಿದೆಯಾ ನೋಡಿ, ಅಲ್ಲಿಂದ ಹೊರಗಿನ ಗಾಳಿ ನುಗ್ಗಿದರೂ ಹೀಗೇ ಆಗುತ್ತದೆ.

ದೋಷ ಸಿಕ್ಕಿ ಸರಿಯಾದ ಮೇಲೆ ಡಿಪ್‌ಸ್ಟಿಕ್ ಎಳೆದು ಮೂಸಿ. ಪೆಟ್ರೋಲ್ ವಾಸನೆ ಬಂದರೆ ಅಥವಾ ಆಯಿಲ್ ಮಟ್ಟ ಏರಿದ್ದರೆ ಕಿಲೋಮೀಟರ್ ಆಗಿಲ್ಲ ಅಂತ ಕಾಯದೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಆ ಆಯಿಲ್‌ನಲ್ಲಿ ಬೇರಿಂಗ್ ಉಳಿಯುವುದಿಲ್ಲ. ಪ್ಲಗ್ ಕ್ಲೀನ್ ಮಾಡಿ ಹಾಕಿ, ಒಂದು ವಾರ ಓಡಿಸಿ ಮತ್ತೆ ಬಿಚ್ಚಿ ಬಣ್ಣ ನೋಡಿ, ಆಮೇಲೆ ಎಮಿಷನ್ ಟೆಸ್ಟ್ ಮಾಡಿಸಿ ಹಳೆ ಚೀಟಿ ಪಕ್ಕ ಇಟ್ಟು ನೋಡಿ.