ಮೊದಲ ಲಿನೋ ಅಚ್ಚಿಗೆ ಒಂದು ವೀಳ್ಯದೆಲೆ ಸಾಕು

ಲಿನೋ ಹಾಳೆಯಲ್ಲಿ ಚಿತ್ರ ಕೊರೆದು, ಇಂಕ್ ಹಚ್ಚಿ, ಕಾಗದಕ್ಕೆ ಅಚ್ಚು ತೆಗೆಯುವ ಲಿನೋಕಟ್ ಶುರು ಮಾಡಬೇಕು ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಇಷ್ಟೇ. ದೊಡ್ಡ ಕಿಟ್ ತರಬೇಡಿ. ದೊಡ್ಡ ಚಿತ್ರಕ್ಕೂ ಕೈ ಹಾಕಬೇಡಿ. ಅಂಗೈ ಅಗಲದ ಲಿನೋ ತುಂಡು, ಒಂದು ವೀಳ್ಯದೆಲೆ, ಕಪ್ಪು ಇಂಕ್ ಇದ್ದರೆ ಒಂದು ಮಧ್ಯಾಹ್ನದಲ್ಲಿ ನಿಮ್ಮ ಮೊದಲ ಅಚ್ಚು ಕೈಗೆ ಬರುತ್ತದೆ.

ಲಿನೋ ಮೂಲದಲ್ಲಿ ನೆಲಕ್ಕೆ ಹಾಸಲು ಮಾಡಿದ್ದು. ಅಗಸೆ ಎಣ್ಣೆ, ಕಾರ್ಕ್ ಪುಡಿ ಎಲ್ಲ ಸೇರಿಸಿ ಸೆಣಬಿನ ಬಟ್ಟೆಯ ಮೇಲೆ ಒತ್ತಿರುತ್ತಾರೆ. ಮರದ ಹಾಗೆ ಇದರಲ್ಲಿ ಎಳೆ ಇಲ್ಲ, ಅದಕ್ಕೇ ಯಾವ ಕಡೆಗೆ ಕೊರೆದರೂ ಒಂದೇ ಥರ ಬರುತ್ತದೆ. ಕೊಳ್ಳುವಾಗ ಮೂಲೆಯನ್ನು ಸ್ವಲ್ಪ ಬಾಗಿಸಿ ನೋಡಿ. ಬಿರುಕು ಬಿಟ್ಟು ಪುಡಿ ಉದುರಿದರೆ ಹಳೇ ಸರಕು, ಬೇಡ. ನಾನು ಒಮ್ಮೆ ಅಂಥದ್ದೇ ತಂದು, ಬ್ಲೇಡ್ ಹೋಗದೆ ಜೋರಾಗಿ ಒತ್ತಿ, ಅದು ಜಾರಿ ಎಡಗೈ ತೋರುಬೆರಳು ಸೀಳಿಕೊಂಡೆ. ಆ ಗೆರೆ ಇವತ್ತಿಗೂ ಇದೆ. ಒಳ್ಳೆಯ ಲಿನೋ ಕೂಡ ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ, ಆಗ ಹತ್ತು ನಿಮಿಷ ಬಿಸಿಲಿಗೆ ಇಡಿ, ಬೆಣ್ಣೆಯಂತೆ ಕೊರೆಯಬಹುದು.

ಲಿನೋ ಕಟರ್ ಜೊತೆ ಹಲವು ಬ್ಲೇಡ್ ಬರುತ್ತವೆ, ಆದರೆ ನಿಮಗೆ ಬೇಕಾದ್ದು ಎರಡೇ. ಗೆರೆಗೆ ವಿ (V) ಆಕಾರದ್ದು, ಅಗಲವಾಗಿ ತೆಗೆಯಲು ಯು (U) ಆಕಾರದ್ದು. ಇನ್ನು ಒಂದು ರಬ್ಬರ್ ರೋಲರ್, ಇಂಕ್ ಹರಡಲು ಗಾಜಿನ ತುಂಡು (ಅಂಚಿಗೆ ಟೇಪ್ ಸುತ್ತಿ), ತೆಳು ಕಾಗದ, ಸ್ಟೀಲ್ ಚಮಚ.

ಎಲೆಯನ್ನು ಟ್ರೇಸಿಂಗ್ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದು, ಮಗುಚಿ ಲಿನೋ ಮೇಲಿಟ್ಟು ಹಿಂದಿನಿಂದ ಉಜ್ಜಿ. ಅಚ್ಚು ಯಾವಾಗಲೂ ಎಡಬಲ ಅದಲುಬದಲಾಗಿ ಬರುತ್ತದೆ. ಎಲೆಗೆ ಪರವಾಗಿಲ್ಲ, ಅಕ್ಷರಕ್ಕೆ ಕಷ್ಟ. ಮಗುಚದೆ ಹಾಗೇ ‘ರ’ ಕೊರೆದರೆ ಅದರ ತಲೆಕಟ್ಟು ಎಡಕ್ಕೆ ತಿರುಗಿಬಿಡುತ್ತದೆ.

ಈಗ ಮುಖ್ಯವಾದ ಮಾತು. ನೀವು ಕೊರೆದದ್ದು ಬಿಳಿ, ಬಿಟ್ಟದ್ದು ಕಪ್ಪು. ಅಂದರೆ ಕತ್ತಲಲ್ಲಿ ಬೆಳಕು ತೆಗೆಯುವ ಕೆಲಸ ಇದು. 1930ರಲ್ಲಿ ಕಲಾವಿದ ನಂದಲಾಲ್ ಬೋಸ್ ಕೋಲು ಹಿಡಿದು ನಡೆಯುವ ಗಾಂಧೀಜಿಯನ್ನು ಲಿನೋದಲ್ಲಿ ಕೊರೆದಿದ್ದು ಹೀಗೆಯೇ, ಕಪ್ಪು ನೆಲದಲ್ಲಿ ಕೆಲವೇ ಬಿಳಿ ಗೆರೆ. ಸಿಕ್ಕರೆ ಆ ಚಿತ್ರವನ್ನು ಹತ್ತು ನಿಮಿಷ ಸುಮ್ನೆ ನೋಡಿ. ಎಷ್ಟು ಕಡಿಮೆ ಗೆರೆಯಲ್ಲಿ ಮನುಷ್ಯ ನಡೆಯುತ್ತಾನೆ ಅಂತ ತಿಳಿಯುತ್ತದೆ.

ನೀವೂ ಎಲೆಯ ಅಂಚು ಮತ್ತು ನರಗಳನ್ನಷ್ಟೇ ಕೊರೆಯಿರಿ. ವೀಳ್ಯದೆಲೆಯ ನರಗಳು ತೊಟ್ಟಿನ ಹತ್ತಿರ ದಪ್ಪ, ಬಾಗುತ್ತಾ ತುದಿಗೆ ಹೋಗುವಾಗ ಕೂದಲಷ್ಟು ಸಣ್ಣ. ಎಲೆಯ ತುದಿ ನಿಮ್ಮ ಕಡೆಗಿರಲಿ. ಅಲ್ಲಿಂದ ವಿ ಬ್ಲೇಡನ್ನು ಮುಟ್ಟಿಯೂ ಮುಟ್ಟದ ಹಾಗೆ ಶುರು ಮಾಡಿ, ತೊಟ್ಟಿನ ಕಡೆ ತಳ್ಳುತ್ತಾ ನಿಧಾನವಾಗಿ ಒತ್ತಡ ಹೆಚ್ಚಿಸಿ. ಆಳವಾದಷ್ಟೂ ಗೆರೆ ಅಗಲವಾಗುತ್ತದೆ, ಲಿನೋ ಸಣ್ಣ ಸುರುಳಿಯಾಗಿ ಎದ್ದು ಬರುತ್ತದೆ, ನರ ತಾನಾಗಿ ಮೂಡುತ್ತದೆ. ತಿರುವು ಬಂದಾಗ ಬ್ಲೇಡ್ ತಿರುಗಿಸಬೇಡಿ, ಲಿನೋವನ್ನು ತಿರುಗಿಸಿ. ಇನ್ನೊಂದು ಕೈ ಸದಾ ಬ್ಲೇಡಿನ ಹಿಂದೆಯೇ ಇರಲಿ. ಸೆಣಬು ಕಾಣುವಷ್ಟು ಆಳ ಬೇಡ, ಅರ್ಧ ದಪ್ಪ ಜಾಸ್ತಿಯೇ ಆಯಿತು.

ಇಂಕ್ ವಿಷಯದಲ್ಲಿ ನನ್ನ ಒಲವು ಎಣ್ಣೆ ಆಧಾರಿತದ್ದಕ್ಕೆ. ನೀರಿನದು ತೊಳೆಯಲು ಸುಲಭ ನಿಜ, ಆದರೆ ನಮ್ಮ ಏಪ್ರಿಲ್ ಸೆಕೆಯಲ್ಲಿ ಗಾಜಿನ ಮೇಲೆಯೇ ಒಣಗಿಬಿಡುತ್ತದೆ. ಕಡಲೆಕಾಳಿನಷ್ಟು ಇಂಕ್ ಹಾಕಿ, ರೋಲರನ್ನು ಎತ್ತಿ ಎತ್ತಿ ಎಲ್ಲ ದಿಕ್ಕಿಗೂ ಓಡಿಸಿ. ಸಾಲದಿದ್ದರೆ ಮತ್ತಷ್ಟು. ಇಲ್ಲಿ ಕಿವಿ ಕೊಡಿ. ಪಚಪಚ ಅಂದರೆ ಇಂಕ್ ಹೆಚ್ಚಾಗಿದೆ, ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿಯೂ ಕಾಣುತ್ತದೆ. ಸಣ್ಣಗೆ ಚರಚರ ಅಂದರೆ ಹದ ಬಂತು. ಹೊಸಬರ ಸಣ್ಣ ಗೆರೆಗಳು ಮುಚ್ಚಿಹೋಗುವುದು ಹೆಚ್ಚಾಗಿ ಕೊರೆಯುವುದರಲ್ಲಿ ತಪ್ಪಿ ಅಲ್ಲ, ಇಂಕ್ ಜಾಸ್ತಿಯಾಗಿ.

ಬ್ಲಾಕ್ ಮೇಲೆ, ಅಂದರೆ ಕೊರೆದ ಲಿನೋ ಮೇಲೆ, ತೆಳುವಾಗಿ ಎರಡು ಮೂರು ಸಲ ಇಂಕ್ ಹಚ್ಚಿ ಕಾಗದ ಇಡಿ. ಒಮ್ಮೆ ಇಟ್ಟ ಮೇಲೆ ಸರಿಸುವಂತಿಲ್ಲ. ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಸುತ್ತಿ ಸುತ್ತಿ ಉಜ್ಜಿ. ಒಂದು ಮೂಲೆ ಎತ್ತಿ ನೋಡಿ, ಮಾಸಲಾಗಿದ್ದರೆ ಮತ್ತೆ ಮಲಗಿಸಿ ಇನ್ನಷ್ಟು ಉಜ್ಜಿ. ಮೊದಲ ಎರಡು ಅಚ್ಚು ಪೇಲವ ಬಂದೇ ಬರುತ್ತವೆ, ಲಿನೋ ಇನ್ನೂ ಇಂಕ್ ಹಿಡಿದಿರುವುದಿಲ್ಲ ಅಲ್ವಾ, ಅವನ್ನು ಹಳೇ ಪೇಪರಿನ ಮೇಲೆ ತೆಗೆಯಿರಿ.

ಒಳ್ಳೆಯವನ್ನು ಕ್ಲಿಪ್ ಹಾಕಿ ಹಗ್ಗಕ್ಕೆ ನೇತುಹಾಕಿ. ಎಣ್ಣೆ ಇಂಕ್ ಒಣಗಲು ಕೆಲವು ದಿನ ಬೇಕು. ಆಮೇಲೆ ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ ಎಡಕ್ಕೆ ಸಂಖ್ಯೆ, ಬಲಕ್ಕೆ ಸಹಿ. 3/10 ಅಂದರೆ ಹತ್ತರಲ್ಲಿ ಮೂರನೆಯದು. ಬೆಂಗಳೂರಿನ ಚಿತ್ರಸಂತೆಗೆ ಹೋದಾಗ ಅಚ್ಚುಗಳ ಕೆಳಗೆ ಇದನ್ನು ಗಮನಿಸಿ.

ಬ್ಲಾಕನ್ನು ನೀರಲ್ಲಿ ನೆನೆಸಬೇಡಿ, ಹಿಂದಿನ ಸೆಣಬು ನೀರು ಕುಡಿದು ಸೊಟ್ಟಗಾಗುತ್ತದೆ. ಅಡುಗೆ ಎಣ್ಣೆ ಹಚ್ಚಿ ಒರೆಸಿ, ಸೋಪು ನೀರಿನ ಬಟ್ಟೆಯಿಂದ ಒಮ್ಮೆ ಸವರಿ, ಮಟ್ಟಸವಾಗಿ ಮಲಗಿಸಿಡಿ.