ಮಕ್ಕಳನ್ನು ಕಟ್ಟಿಕೊಂಡು ಅಡಿಲೇಡ್‌ನಿಂದ ಉಲುರುಗೆ: ನಾವು ದಾರಿ ಹಂಚಿಕೊಂಡ ಬಗೆ

ಆಸ್ಟ್ರೇಲಿಯಾದ ದಕ್ಷಿಣದ ಅಡಿಲೇಡ್‌ನಿಂದ ದೇಶದ ನಡುವಿನ ಉಲುರು ಬಂಡೆಗೆ ಮಕ್ಕಳೊಂದಿಗೆ ಕಾರಿನಲ್ಲಿ ಹೋದೆವು. ಜುಲೈ ಇಲ್ಲಿ ಚಳಿಗಾಲ; ದಾರಿಯ ನಡುವಿನ ಗಣಿ ಊರು ಕೂಬರ್ ಪೀಡಿ ಕಡೆ ಸೂರ್ಯ ಹುಟ್ಟುವಾಗ ಏಳೂವರೆ ಆಗುತ್ತದೆ, ಸಂಜೆ ಆರರೊಳಗೆ ಮುಳುಗಿಬಿಡುತ್ತಾನೆ. ಮಬ್ಬುಗತ್ತಲಲ್ಲಿ ಕಾಂಗರೂಗಳು ರಸ್ತೆಗೆ ಬರುತ್ತವೆ. ಹಾಗಾಗಿ ಎಂಟಕ್ಕೆ ಹೊರಟು ಐದಕ್ಕೆ ನಿಲ್ಲುವುದು ನಮ್ಮ ಲೆಕ್ಕ. ಎರಡು ಗಂಟೆಗೊಮ್ಮೆ ಅರ್ಧ ಗಂಟೆ, ಊಟಕ್ಕೆ ಒಂದು ಗಂಟೆ ಕಳೆದರೆ ಗಾಡಿ ಓಡಿಸಲು ಸಿಗುವುದು ಆರೂವರೆ ಗಂಟೆ. ಒಟ್ಟು 1,600 ಕಿ.ಮೀ. ಇದ್ದ ದಾರಿಯನ್ನು ಈ ಆರೂವರೆ ಗಂಟೆಗೆ ತಕ್ಕಂತೆ ಕತ್ತರಿಸಿದೆವು.

ಮೊದಲ ದಿನ ಪೋರ್ಟ್ ಆಗಸ್ಟಾ, ಸುಮಾರು 310 ಕಿ.ಮೀ. ಎರಡನೆಯ ದಿನ ಕೂಬರ್ ಪೀಡಿ, 540 ಕಿ.ಮೀ.; ಇಡೀ ಪ್ರಯಾಣದಲ್ಲಿ ಕಷ್ಟದ ದಿನ ಇದೇ. ಮೂರನೆಯ ದಿನ ಗಾಡಿ ಮುಟ್ಟುವಂತಿಲ್ಲ. ನಾಲ್ಕನೆಯ ದಿನ ಎರ್ಲ್ಡಂಡಾ, ಐದನೆಯ ದಿನ 250 ಕಿ.ಮೀ. ಹೋದರೆ ಉಲುರು ಪಕ್ಕದ ಊರು ಯುಲಾರಾ. ವಿರಾಮದ ದಿನ ಬಿಟ್ಟವರಿಗೆ ನಾಲ್ಕನೆಯ ದಿನ ಹಿಂದಿನ ಸೀಟಿನಿಂದ ಉತ್ತರ ಸಿಗುತ್ತದೆ.

ಪೆಟ್ರೋಲ್‌ಗೆ ಒಂದೇ ನಿಯಮ: ಟ್ಯಾಂಕ್ ಅರ್ಧಕ್ಕಿಂತ ಕೆಳಗಿದ್ದರೆ ಬಂಕ್ ದಾಟಬಾರದು. ಗ್ಲೆಂಡಾಂಬೊದಿಂದ ಕೂಬರ್ ಪೀಡಿವರೆಗೆ 250 ಕಿ.ಮೀ. ಏನೂ ಇಲ್ಲ. ಗ್ಲೆಂಡಾಂಬೊ ಬಂಕ್ ತೆರೆದಿದೆಯೋ ಇಲ್ಲವೋ ಫೋನ್ ಮಾಡಿ ಕೇಳಿ. ಮುಚ್ಚಿದ್ದರೆ ಅದಕ್ಕೂ ಹಿಂದೆ ಸಿಗುವ ಪಿಂಬಾದಿಂದಲೇ ಸುಮಾರು 365 ಕಿ.ಮೀ. ಆಗುತ್ತದೆ. ತುಂಬಿದ ಗಾಡಿ, ಮೇಲೆ ರೂಫ್ ಬಾಕ್ಸ್, ಎದುರುಗಾಳಿ ಸೇರಿದರೆ 100 ಕಿ.ಮೀ.ಗೆ 12–13 ಲೀಟರ್ ಹಿಡಿದುಕೊಳ್ಳಿ. ಡಾಂಬರು ರಸ್ತೆಯಲ್ಲೇ ಹೋಗುವುದಾದರೆ ಪೆಟ್ರೋಲ್ ಕ್ಯಾನ್ ಬೇಡ. ಮಕ್ಕಳು ಕೂತ ಗಾಡಿಯೊಳಗಂತೂ ಬೇಡವೇ ಬೇಡ.

ನೀರು ನಾಲ್ವರಿಗೆ 40 ಲೀಟರ್: ತಲೆಗೆ ದಿನಕ್ಕೆ ಐದು, ಎರಡು ದಿನಕ್ಕೆ. ಹತ್ತು ಲೀಟರಿನ ನಾಲ್ಕು ಕ್ಯಾನ್ ಮಾಡಿ. ಒಂದು ಸೋರಿದರೂ ಮೂರು ಉಳಿಯುತ್ತವೆ. ಡಿಕ್ಕಿಯ ತಳದಲ್ಲಿ, ಸೀಟಿಗೆ ಒತ್ತಿ, ಬೆಲ್ಟ್ ಹಾಕಿ ಬಿಗಿಯಿರಿ. ಸ್ಟೆಪ್ನಿ ಅದರ ಕೆಳಗೆ ಹೂತುಹೋಗದಂತೆ ನೋಡಿಕೊಳ್ಳಿ.

ಏಳು ವರ್ಷದೊಳಗಿನ ಮಕ್ಕಳಿಗೆ ಇಲ್ಲಿ ಚೈಲ್ಡ್ ಸೀಟ್ ಕಡ್ಡಾಯ, ಅದರ ಮೇಲೆ ಇಲ್ಲಿನ ಸುರಕ್ಷತಾ ಮಾನದಂಡವಾದ ಎಎಸ್/ಎನ್‌ಝಡ್‌ಎಸ್ 1754 ಗುರುತು ಇರಬೇಕು. ಊರಿಂದ ತಂದ ಸೀಟು ನಡೆಯುವುದಿಲ್ಲ. ಉತ್ತರಕ್ಕೆ ಹೋಗುವಾಗ ಮಧ್ಯಾಹ್ನದ ಬಿಸಿಲು ಎಡ ಕಿಟಕಿಗೆ ಹೊಡೆಯುತ್ತದೆ. ಊಟವಾದ ಮೇಲೆ ಮಲಗುವ ಮಗುವನ್ನು ಬಲಕ್ಕೆ ಕೂರಿಸಿ. ವಾಪಸ್ ಬರುವಾಗ ಅದಲುಬದಲು.

ಹಲವು ಟ್ರೇಲರ್ ಎಳೆಯುವ ಲಾರಿಯಾದ ರೋಡ್ ಟ್ರೇನ್ 53.5 ಮೀಟರ್‌ವರೆಗೆ ಉದ್ದ. ಅದು 100ರಲ್ಲಿ, ನೀವು ಸೌತ್ ಆಸ್ಟ್ರೇಲಿಯಾದ ಮಿತಿಯಾದ 110ರಲ್ಲಿ ಇದ್ದರೆ ಹಿಂದೆಮುಂದೆ ಅಂತರ ಸೇರಿ ದಾಟಲು ಸುಮಾರು ಒಂದು ನಿಮಿಷ, ಒಂದೂವರೆ ಕಿಲೋಮೀಟರಿಗೂ ಹೆಚ್ಚು ಖಾಲಿ ರಸ್ತೆ ಬೇಕು. ಓವರ್‌ಟೇಕಿಂಗ್ ಲೇನ್ ಬರುವವರೆಗೆ ಹಿಂದೆಯೇ ಇರಿ, ಅಥವಾ ಅದೇ ಹೊತ್ತಿಗೆ ಊಟಕ್ಕೆ ನಿಲ್ಲಿಸಿ. ಯುಎಚ್‌ಎಫ್ ರೇಡಿಯೊ ಇದ್ದರೆ 40ನೇ ಚಾನೆಲ್‌ನಲ್ಲಿ ಲಾರಿ ಚಾಲಕರು ಮಾತಿಗೆ ಸಿಗುತ್ತಾರೆ. ಅವರ ಭಾಷೆ ಮಕ್ಕಳ ಕಿವಿಗಲ್ಲ, ಸದ್ದು ತಗ್ಗಿಸಿಡಿ.

ರೆಸ್ಟ್ ಏರಿಯಾಗಳಲ್ಲೆಲ್ಲ ಶೌಚಾಲಯ ಇರುವುದಿಲ್ಲ. ಮಕ್ಕಳನ್ನು ಶೌಚಕ್ಕೆ ಕೂರಿಸುವ ಮಡಚುವ ಪಾಟಿ, ಅದಕ್ಕೆ ಹಾಕುವ ಚೀಲ ಕೈಗೆ ಸಿಗುವಲ್ಲಿರಲಿ. ಇಳಿಯುವ ಮೊದಲು ಮಕ್ಕಳಿಗೆ ದಪ್ಪ ತಳದ ಶೂ ಹಾಕಿ. ನಮ್ಮ ಹೊಲಗಳ ನೆಗ್ಗಿಲು ಮುಳ್ಳು ಇಲ್ಲೂ ಇದೆ; ಹವಾಯಿ ಚಪ್ಪಲಿಯ ತಳ ತೂರಿ ಬರುತ್ತದೆ. ಮುಳ್ಳು ಕೀಳಲು ಚಿಮಟ, ನೊಣಕ್ಕೆ ತಲೆಗೆ ಹಾಕುವ ಬಲೆ ಎರಡನ್ನೂ ಮುಂದಿನ ಡ್ರಾಯರ್‌ನಲ್ಲಿಡಿ. ಕೂಬರ್ ಪೀಡಿಯಲ್ಲಿ ಓಪಲ್ ರತ್ನಕ್ಕಾಗಿ ತೋಡಿದ ಬಾವಿಗಳು ಬಾಯಿ ತೆರೆದೇ ಇವೆ, ಮಕ್ಕಳ ಕೈ ಬಿಡಬೇಡಿ.

ಊಟಕ್ಕೆ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ. ಗೊಜ್ಜಿನಲ್ಲಿ ನೀರಿನಂಶ ಆರಿ ಎಣ್ಣೆ ಮೇಲೆ ಬರುವವರೆಗೆ ಕುದಿಸಿದ್ದರೆ ಐಸ್‌ಬಾಕ್ಸ್ ಇಲ್ಲದೆಯೂ ಆ ಚಳಿಯಲ್ಲಿ ವಾರ ನಿಲ್ಲುತ್ತದೆ. ಒದ್ದೆ ಚಮಚ ಹಾಕಿದರೆ ಮೂರೇ ದಿನಕ್ಕೆ ಬೂಸ್ಟು. ಹಣ್ಣು ಮಾತ್ರ ಲೆಕ್ಕ ಹಾಕಿ ಕೊಳ್ಳಿ. ಹಣ್ಣುನೊಣದ ಭಯಕ್ಕೆ ಸೌತ್ ಆಸ್ಟ್ರೇಲಿಯಾದೊಳಗೆ ಹಣ್ಣು ತರಲು ಬಿಡುವುದಿಲ್ಲ, ದಂಡ ಬೀಳುತ್ತದೆ. ಉಲುರು ಆ ರಾಜ್ಯದ ಆಚೆಗಿದೆ, ಹಾಗಾಗಿ ವಾಪಸ್ ಬರುವಾಗ ಗಡಿಗೆ ಮೊದಲೇ ಕೊನೆಯ ಬಾಳೆಹಣ್ಣನ್ನು ತಿನ್ನಿಸಿ ಮುಗಿಸಿ.